ಒಂದೇ ಕೃತಿ, ಮೂವರ ವಯೊಲಿನ್: ಹೋಲಿಸಿ ಕೇಳುವುದು ಹೇಗೆ?

ಬೆಳಗಾವಿಯಲ್ಲಿ ಸಂಗೀತದ ಬೈಠಕ್ ಮುಗಿದು ಚಹಾ ಬಂತೆಂದರೆ, ಹಿಂದೂಸ್ತಾನಿ ವಯೊಲಿನ್ ವಾದಕರಲ್ಲಿ 'ವಿ.ಜಿ. ಜೋಗ್ ಮೇಲೋ, ಎನ್. ರಾಜಂ ಮೇಲೋ' ಎಂಬ ವಾದ ಶುರು. ಒಬ್ಬರು ಮೊಬೈಲಿನಲ್ಲಿ ಒಂದು ರಾಗ ಹಾಕುತ್ತಾರೆ, ಇನ್ನೊಬ್ಬರು ಬೇರೆ ರಾಗ. ಲಯ ಬೇರೆ, ತಬಲಾದವರೂ ಬೇರೆ. ಇದರಲ್ಲಿ ಹೋಲಿಸುವುದೇನು?

ಮೊದಲು ಕಿವಿ ಪಳಗಬೇಕು. ಅದಕ್ಕೆ ಸ್ವರಗಳನ್ನು ಬರೆದಿಟ್ಟಿರುವ, ಪಕ್ಕವಾದ್ಯವೇ ಇಲ್ಲದ ಕೃತಿ ಒಳ್ಳೆಯದು. ಜರ್ಮನ್ ಸಂಗೀತ ರಚನೆಕಾರ ಬಾಖ್ ಒಂಟಿ ವಯೊಲಿನ್ನಿಗೆ ಬರೆದ ಎರಡನೇ ಪಾರ್ಟಿಟಾದ (ಹಲವು ನೃತ್ಯಗಳ ಸರಣಿ) ಕೊನೆಯ ಭಾಗ 'ಶಕಾನ್' ತೆಗೆದುಕೊಳ್ಳಿ. ಬಾಖ್ 1720ರಲ್ಲಿ ತನ್ನ ಕೈಯಾರೆ ಬರೆದ ಪ್ರತಿ ಇಂದಿಗೂ ಇದೆ. ನುಡಿಸಲು ಹೆಚ್ಚುಕಡಿಮೆ ಕಾಲು ಗಂಟೆ.

ಆಮೇಲೆ ಮೂರು ರೆಕಾರ್ಡಿಂಗ್ ಆರಿಸಿ. ಹತ್ತು ಬೇಡ, ತಲೆ ಕೆಡುತ್ತದೆ. ನಾನು ಹೇಳುವುದು 1970ರ ದಶಕದ ನೇಥನ್ ಮಿಲ್‌ಸ್ಟೈನ್, 1960ರ ಆಸುಪಾಸಿನ ಆರ್ಥರ್ ಗ್ರೂಮಿಯೊ, 1990ರ ದಶಕದ ರೇಚಲ್ ಪಾಡ್ಜರ್.

ಎಲ್ಲರೂ ಎಡವುವುದು ಸದ್ದಿನಲ್ಲಿ. ಒಂದು ರೆಕಾರ್ಡಿಂಗ್ ಒಂದೆರಡು ಡೆಸಿಬೆಲ್ ಜಾಸ್ತಿ ಇದ್ದರೆ ಕಿವಿ ಅದನ್ನು 'ಜೋರು' ಎನ್ನುವುದಿಲ್ಲ, 'ಚೆಂದ' ಎನ್ನುತ್ತದೆ. ಹಾಗಾಗಿ ಮೊದಲು ಈಕ್ವಲೈಜರ್ ಆಫ್ ಮಾಡಿ. ಮೊಬೈಲಿಗೆ ಸದ್ದು ಅಳೆಯುವ ಉಚಿತ ಆ್ಯಪ್ ಹಾಕಿಕೊಂಡು ಕುಳಿತ ಜಾಗದಲ್ಲೇ ಇಟ್ಟು, ಪ್ರತಿ ರೆಕಾರ್ಡಿಂಗಿನ ಮೊದಲ ಅರ್ಧ ನಿಮಿಷ ಓಡಿಸಿ. ಸರಾಸರಿ ಸಮ ಬರುವವರೆಗೆ ವಾಲ್ಯೂಮ್ ಏರಿಸಿ, ಇಳಿಸಿ. ಮೊದಲ ಹೊಡೆತವನ್ನಷ್ಟೇ ನೋಡಿ ಹೊಂದಿಸಬೇಡಿ, ಅದು ಎಲ್ಲರದ್ದೂ ಜೋರೇ. ಯಾವುದಕ್ಕೆ ಎಷ್ಟು ವಾಲ್ಯೂಮ್ ಎಂದು ಚೀಟಿಯಲ್ಲಿ ಬರೆದಿಡಿ. ಅಂದಹಾಗೆ, ಖಡೇಬಜಾರಿನಲ್ಲಿ ಸಿಗುವ ಧಡಧಡ ಬಾಸ್ ಸ್ಪೀಕರ್ ಇದಕ್ಕೆ ದಂಡ. ವಯೊಲಿನ್ನಿನ ಅತಿ ತಗ್ಗಿನ ತಂತಿಯೇ 196 ಹರ್ಟ್ಜ್, ಬಾಸ್‌ಗೆ ಇಲ್ಲಿ ಕೆಲಸವಿಲ್ಲ. ಸಾದಾ ಸ್ಪೀಕರ್ ಸಾಕು.

ಶ್ರುತಿಯದ್ದೂ ಒಂದು ಗೊಂದಲ. ಪಾಡ್ಜರ್ ಹಳೆಯ ಕಾಲದ 415 ಹರ್ಟ್ಜ್ ಶ್ರುತಿಯಲ್ಲಿ ನುಡಿಸುತ್ತಾರೆ, ಇಂದಿನ ಶ್ರುತಿಗಿಂತ ಅರ್ಧ ಸ್ವರ ಕೆಳಗೆ. ಪೇಟಿಯಲ್ಲಿ (ಹಾರ್ಮೋನಿಯಂ) ಬಿಳಿ ಎರಡರ ಷಡ್ಜ ಕರಿ ಒಂದಕ್ಕೆ ಇಳಿಯುತ್ತದೆ. 'ಮಂಕು' ಅಂತ ತೀರ್ಪು ಕೊಡುವ ಮುನ್ನ ಒಂದೆರಡು ನಿಮಿಷ ಕಿವಿಗೆ ಬಿಡಿ.

ಈಗ ಎರಡೇ ಜಾಗ ಕೇಳಿ. ಒಂದು, ಆರಂಭ. ಮೂರು ನಾಲ್ಕು ಸ್ವರಗಳು ಒಟ್ಟಿಗೆ ಬರಬೇಕು. ವಯೊಲಿನ್ನಿನ ತಂತಿಗಳನ್ನು ಹೊತ್ತ ಕುದುರೆ (ಬ್ರಿಜ್) ಬಾಗಿರುವುದರಿಂದ ಕಮಾನು ಎಲ್ಲ ತಂತಿಗಳನ್ನೂ ಒಮ್ಮೆಗೇ ಹಿಡಿದಿಡಲಾರದು, ಮುರಿದು ನುಡಿಸಲೇಬೇಕು. ಯಾರು ಹೇಗೆ ಮುರಿಯುತ್ತಾರೆ, ಯಾವ ಸ್ವರದ ಮೇಲೆ ನಿಲ್ಲುತ್ತಾರೆ, ಸ್ವರಕ್ಕೆ ಕಂಪನ ಕೊಡಲು ಕೈ ಎಷ್ಟು ನಡುಗಿಸುತ್ತಾರೆ ಎನ್ನುವುದನ್ನು ಗಮನಿಸಿ. ಇನ್ನೊಂದು, ಅರ್ಧ ದಾಟಿದ ಮೇಲೆ ಕೋಮಲ (ತಗ್ಗಿನ) ಗಾಂಧಾರ ಏರಿ ಶುದ್ಧವಾಗುವ ತಿರುವು. ಅಲ್ಲಿ ಕೆಲವರು ಉಸಿರು ತೆಗೆದುಕೊಳ್ಳುತ್ತಾರೆ, ಕೆಲವರು ಸುಮ್ನೆ ದಾಟಿಬಿಡುತ್ತಾರೆ. ದಾಟುವವರು ನನಗೆ ಹಿಡಿಸುವುದಿಲ್ಲ.

ಹೆಸರು ಹೇಳದೆ ಹಾಕಲು ಮನೆಯಲ್ಲಿ ಯಾರಿಗಾದರೂ ಹೇಳಿ. ವಾಲ್ಯೂಮ್ ಚೀಟಿಯನ್ನೂ ಅವರಿಗೇ ಕೊಡಿ.

ಇಷ್ಟಾದ ಮೇಲೆ ಜೋಗ್, ರಾಜಂ ಕಡೆ ಬನ್ನಿ. ಇಬ್ಬರೂ ನುಡಿಸಿದ ಒಂದೇ ರಾಗ ಹುಡುಕಿ, ಆಲಾಪ ಮಾತ್ರ ಕೇಳಿ. ರಾಜಂ ಓಂಕಾರನಾಥ ಠಾಕೂರರ ಶಿಷ್ಯೆ, ಗಾಯಕಿ ಅಂಗದವರು, ಅಂದರೆ ಹಾಡಿದಂತೆ ನುಡಿಸುವವರು. ಅವರ ಮೀಂಡ್ (ಸ್ವರದಿಂದ ಸ್ವರಕ್ಕೆ ಜಾರುವುದು) ಒಂದೊಂದನ್ನೂ ಜೊತೆಗೆ ಗುನುಗಿ ನೋಡಿ, ಅದೇ ಕೆಲಸ ಜೋಗರಲ್ಲೂ ಮಾಡಿ. ತಬಲಾ ಶುರುವಾದ ಕೂಡಲೇ ನಿಲ್ಲಿಸಿ. ಲಯದಾಟದಲ್ಲಿ ಜೋಗರದ್ದು ಬೇರೆಯೇ ಹಾದಿ, ಅದನ್ನು ಇನ್ನೊಂದು ದಿನಕ್ಕೆ ಇಟ್ಟುಕೊಳ್ಳಿ.