ಕೊನೆಯ ಸಾಲಿಗೂ ಕೇಳುವ ದನಿ

ತಾಲೀಮಿನಲ್ಲಿ ನಿರ್ದೇಶಕರು 'ಕೇಳಿಸ್ತಿಲ್ಲ, ಜೋರಾಗಿ ಹೇಳು' ಅಂದದ್ದೇ ತಡ, ಹೊಸ ನಟರು ಕತ್ತು ಮುಂದೆ ಚಾಚಿ, ಗಂಟಲ ನರ ಉಬ್ಬಿಸಿ ಕಿರುಚತೊಡಗುತ್ತಾರೆ. ಪ್ರದರ್ಶನದ ಹೊತ್ತಿಗೆ ಗಂಟಲು ಕಟ್ಟಿರುತ್ತದೆ. ದನಿ ಹುಟ್ಟುವುದು ಗಂಟಲಿನಲ್ಲಾದರೂ ಅದಕ್ಕೆ ಬಲ ಸಿಗುವುದು ಉಸಿರಿನಿಂದ. ಆ ಉಸಿರನ್ನು ಪಳಗಿಸಲು ದಿನಕ್ಕೆ 20 ನಿಮಿಷ ಸಾಕು, ಆದರೆ ದಿನವೂ ಬೇಕು. ವಾರಕ್ಕೊಮ್ಮೆ ಎರಡು ಗಂಟೆ ಮಾಡಿ ಮುಗಿಸುತ್ತೇನೆ ಅನ್ನುವವರು ಇಲ್ಲಿಗೇ ಓದು ನಿಲ್ಲಿಸಬಹುದು.

1. ಮೈ ಸಡಿಲಿಸಿ

ಕತ್ತು, ಹೆಗಲು, ದವಡೆ. ಎರಡು ನಿಮಿಷ. ಆಕಳಿಕೆ ಬಂದರೆ ತಡೆಯಬೇಡಿ.

2. ಉಸಿರು

ಮಂಡಿ ಮಡಚಿ ಅಂಗಾತ ಮಲಗಿ. ಒಂದು ಕೈ ಹೊಟ್ಟೆಯ ಮೇಲೆ, ಇನ್ನೊಂದು ಎದೆಯ ಮೇಲೆ. ಉಸಿರು ಎಳೆದಾಗ ಹೊಟ್ಟೆಯ ಮೇಲಿನ ಕೈ ಏಳಬೇಕು, ಎದೆಯ ಮೇಲಿನದು ಹೆಚ್ಚುಕಡಿಮೆ ಸುಮ್ಮನಿರಬೇಕು. ಶ್ವಾಸಕೋಶದ ಅಡಿಯಲ್ಲಿ ಕಮಾನಿನಂತಿರುವ ವಪೆ ಎಂಬ ಸ್ನಾಯು ಕೆಳಗಿಳಿದಾಗ ಹೊಟ್ಟೆ ತಾನಾಗಿ ಮುಂದೆ ಬರುತ್ತದೆ. ನೀವು ಅದನ್ನು ತಳ್ಳಬೇಕಿಲ್ಲ. ಇದು ರೂಢಿಯಾದ ಮೇಲೆ ಎದ್ದು ನಿಂತು, ಅಂಗೈಗಳನ್ನು ಪಕ್ಕೆಲುಬಿನ ಕೆಳಭಾಗಕ್ಕೆ ಒತ್ತಿ ಹಿಡಿದು ಮಾಡಿ. ಪಕ್ಕೆಗಳು ಅಗಲವಾಗಬೇಕು. ಹೆಗಲು ಏರಿತೋ, ಮೊದಲಿನಿಂದ.

ಉಸಿರು ಎಳೆಯುವುದನ್ನು ಎಲ್ಲರೂ ಬೇಗ ಕಲಿಯುತ್ತಾರೆ. ಎಡವುವುದು ಬಿಡುವಾಗ. ಹಲ್ಲುಗಳ ನಡುವಿನಿಂದ 'ಸ್ಸ್ಸ್' ಎಂದು ಬಿಡಿ. ಮೊದಲ ಮೂರು ಸೆಕೆಂಡಿನಲ್ಲೇ ಅರ್ಧ ಗಾಳಿ ಭುಸ್ಸೆಂದು ಹೋಗಿ, ಕೊನೆಗೆ ಸದ್ದು ನಡುಗುತ್ತದೆ. ಸದ್ದು ಮೊದಲಿಂದ ಕೊನೆಯವರೆಗೆ ಒಂದೇ ಮಟ್ಟದಲ್ಲಿರಲಿ. 10 ಸೆಕೆಂಡು ಸಮವಾಗಿ ಬಂದರೆ ಸಾಕು. ನಿಧಾನವಾಗಿ 20ಕ್ಕೆ ಏರಿಸಿ. ಗೆಳೆಯರೊಂದಿಗೆ ಪಂದ್ಯ ಕಟ್ಟಿ 40 ಸೆಕೆಂಡು ಎಳೆಯುವವರಿದ್ದಾರೆ, ಕೊನೆಯ ಹತ್ತು ಸೆಕೆಂಡು ಅವರ ಗಂಟಲು ಹಿಂಡಿಕೊಂಡಿರುತ್ತದೆ. ಹಿಂಡಬೇಕೆನಿಸುವ ಮೊದಲೇ ನಿಲ್ಲಿಸಿ.

ಆಮೇಲೆ ಅದೇ ಉಸಿರಿಗೆ ದನಿ ಸೇರಿಸಿ: ದುಂಬಿಯ ಸದ್ದಿನಂತೆ 'ಜ಼್ಜ಼್ಜ಼್'. ಇದೂ 'ಸ್ಸ್ಸ್'ನಷ್ಟೇ ಹೊತ್ತು ನಿಲ್ಲಬೇಕು. ತೀರಾ ಬೇಗ ಮುಗಿದರೆ ದನಿಯ ಜತೆ ಗಾಳಿಯೂ ಸೋರುತ್ತಿದೆ ಎಂದರ್ಥ.

ಇನ್ನೊಂದು ತೊಡಕು ದನಿ ಶುರುವಾಗುವ ಕ್ಷಣದ್ದು. ವೇದಿಕೆಯ ಮೇಲೆ 'ಅಮ್ಮಾ' ಎಂದು ಕೂಗುವಾಗ 'ಅ' ಹೊರಡುವ ಮುನ್ನ ಗಂಟಲಲ್ಲಿ 'ಟಕ್' ಅನ್ನುತ್ತದಲ್ಲ, ಅದು ಧ್ವನಿತಂತುಗಳು ಒಂದಕ್ಕೊಂದು ಬಡಿದುಕೊಂಡ ಸದ್ದು. 'ಹಮ್ಮಾ' ಎಂದು ಹೇಳಿ ನೋಡಿ, ಬಡಿತ ಇರುವುದಿಲ್ಲ. ಹೇಳುತ್ತಾ ಹೋದಂತೆ 'ಹ'ಕಾರವನ್ನು ತೆಳುವಾಗಿಸಿ, ಕೊನೆಗೆ ಮನಸ್ಸಿನಲ್ಲಷ್ಟೇ ಉಳಿಸಿಕೊಳ್ಳಿ.

3. ಗುನುಗು

ತುಟಿ ಮುಚ್ಚಿ 'ಮ್‌ಮ್' ಎನ್ನಿ. ತುಟಿ, ಮೂಗಿನ ಬುಡ ಜುಮುಗುಟ್ಟಬೇಕು. ಅಲ್ಲಿಂದ 'ಮಾ, ಮೀ, ಮೂ'. ಸ್ಟ್ರಾವನ್ನು ಲೋಟದ ನೀರಿನಲ್ಲಿ ಎರಡು ಬೆರಳಗಲ ಮುಳುಗಿಸಿ, ಗುಳ್ಳೆ ಏಳುವಂತೆ 'ಊ' ಎಂದು ಊದುವುದು ಇನ್ನೂ ಒಳ್ಳೆಯದು. ಗಾಳಿಯ ಹಿಂದೊತ್ತಡದಿಂದ ಧ್ವನಿತಂತುಗಳಿಗೆ ಶ್ರಮ ಕಡಿಮೆಯಾಗುತ್ತದೆ. ಬೇರೇನು ಬಿಟ್ಟರೂ ಇದನ್ನು ಬಿಡಬೇಡಿ.

ಹಲ್ಲಿನ ನಡುವೆ ಪೆನ್ಸಿಲ್ ಕಚ್ಚಿಸಿ ಮಾತಾಡಿಸುವ ಅಭ್ಯಾಸ ನನಗೆ ಸೇರುವುದಿಲ್ಲ. ಸಡಿಲವಾಗಬೇಕಾದ ದವಡೆ ಅದರಿಂದ ಬಿಗಿಯುತ್ತದೆ. ಗಂಟಲು ಮರಗಟ್ಟಿಸುವ ಸ್ಪ್ರೇ, ಗುಳಿಗೆಗಳಂತೂ ಬೇಡವೇ ಬೇಡ. ನೋವು ಗೊತ್ತಾಗದೆ ಇನ್ನಷ್ಟು ಕಿರುಚುತ್ತೀರಿ. ಪ್ರವೇಶಕ್ಕೆ ಮುನ್ನ ಗಟಗಟನೆ ನೀರು ಕುಡಿದರೆ ಅದು ಅನ್ನನಾಳಕ್ಕೆ ಹೋಗುತ್ತದೆ, ಧ್ವನಿತಂತುಗಳನ್ನು ಮುಟ್ಟುವುದೂ ಇಲ್ಲ. ದಿನವಿಡೀ ಆಗಾಗ ಕುಡಿಯಿರಿ. ನೇರವಾಗಿ ಅಲ್ಲಿಗೆ ತಲುಪುವುದು ಹಬೆ ಮಾತ್ರ.

4. ಮಾತಿಗೆ ಬನ್ನಿ

ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ, ನಟರ ಉಸಿರು ಮುಗಿಯುವುದೂ ಅಲ್ಲೇ. 'ಅವನನ್ನು ನಾನು ಕೊಲ್ಲಲಿಲ್ಲ' ಎಂಬ ಮಾತಿನಲ್ಲಿ 'ಇಲ್ಲ' ನುಂಗಿಹೋದರೆ ಹಿಂದಿನ ಸಾಲಿನವರ ಪಾಲಿಗೆ ನೀವು ಕೊಲೆಗಾರ. ಇದಕ್ಕೆ ವಾಕ್ಯವನ್ನು ಬಾಲದಿಂದ ಕಟ್ಟಿ. ಮೊದಲು 'ಲಿಲ್ಲ'. ಆಮೇಲೆ 'ಕೊಲ್ಲಲಿಲ್ಲ'. 'ನಾನು ಕೊಲ್ಲಲಿಲ್ಲ'. ಕೊನೆಗೆ ಇಡೀ ವಾಕ್ಯ. ಪ್ರತಿ ಸಲವೂ 'ಲಿಲ್ಲ' ಮೊದಲಿನಷ್ಟೇ ಗಟ್ಟಿಯಾಗಿರಬೇಕು. ಗೆಳೆಯರೊಬ್ಬರನ್ನು ಸಭಾಂಗಣದ ಕೊನೆಯಲ್ಲಿ ಕೂರಿಸಿ, ಪ್ರತಿ ವಾಕ್ಯದ ಕೊನೆಯ ಪದವನ್ನಷ್ಟೇ ತಿರುಗಿ ಹೇಳಲು ಕೇಳಿಕೊಳ್ಳಿ. ಅವರು ತಡವರಿಸಿದಲ್ಲಿ ದನಿ ಏರಿಸಬೇಡಿ, ವಾಕ್ಯದ ನಡುವೆ ಉಸಿರು ತೆಗೆದುಕೊಳ್ಳಲು ಜಾಗ ಹುಡುಕಿ.

'ಕಪ್ಪು ಕುಂಕುಮ ಕೆಂಪು ಕುಂಕುಮ' ಬಗೆಯ ನಾಲಿಗೆ ಹೊರಳಿಸುವ ಸಾಲುಗಳೂ ಇರಲಿ, ಆದರೆ ವೇಗಕ್ಕೆ ಬೀಳದೆ.

ಗಂಟಲು ಕಟ್ಟಿದ ದಿನ ಅಭ್ಯಾಸ ಬೇಡ. ಪಿಸುಗುಟ್ಟಿದರೆ ವಿಶ್ರಾಂತಿ ಸಿಗುತ್ತದೆಂಬುದು ತಪ್ಪು ತಿಳಿವಳಿಕೆ, ಅದರಿಂದಲೂ ಗಂಟಲಿಗೆ ಶ್ರಮವಾಗಬಹುದು, ಮಾತೇ ಆಡದಿರಿ. ಎರಡು ಮೂರು ವಾರವಾದರೂ ದನಿ ಒಡಕಾಗಿಯೇ ಇದ್ದರೆ ಕಿವಿ-ಮೂಗು-ಗಂಟಲು ತಜ್ಞರಿಗೆ ತೋರಿಸಿ.