ಕೆಮ್ಮಣ್ಣಿನಿಂದ ಚಿತ್ರಕಲೆಯ ಬಣ್ಣ ತಯಾರಿಸುವ ಕ್ರಮ

ಖನಿಜಗಳಿಂದ ಸಿಗುವ ಬಣ್ಣಗಳಲ್ಲಿ ಕಬ್ಬಿಣದ ಅಂಶವುಳ್ಳ ಮಣ್ಣಿನ ಬಣ್ಣವೊಂದನ್ನು ಮನೆಯಲ್ಲಿ ನಿಶ್ಚಿಂತೆಯಿಂದ ಮಾಡಿಕೊಳ್ಳಬಹುದು. ಕರಾವಳಿಯ ಹಳೆಯ ದೇವಾಲಯಗಳ ಕಾವಿ ಕಲೆ ಎಂಬ ಗೋಡೆಚಿತ್ರಗಳ ಕೆಂಪಿಗೂ ನಮ್ಮ ಹಳೆಯ ಮನೆಗಳ ರೆಡ್ ಆಕ್ಸೈಡ್ ನೆಲದ ಕೆಂಪಿಗೂ ಕಾರಣವಾದದ್ದು ಒಂದೇ ವಸ್ತು, ಹೆಮಟೈಟ್ ಎಂಬ ಕಬ್ಬಿಣದ ಆಕ್ಸೈಡ್. ಇದು ಬಿಸಿಲಿಗೆ ಮಾಸುವುದಿಲ್ಲ, ಸುಣ್ಣದ ಕ್ಷಾರಕ್ಕೂ ಕೆಡುವುದಿಲ್ಲ. ಆದರೆ ಅಗೆದು ತಂದ ಮಣ್ಣು ಹಾಗೆಯೇ ಬಣ್ಣವಾಗುವುದಿಲ್ಲ. ಅದರೊಳಗಿನ ಮರಳನ್ನೂ ಲವಣವನ್ನೂ ನೀರಿನಿಂದ ಬೇರ್ಪಡಿಸುವುದೇ ಈ ಕೆಲಸದ ಮುಖ್ಯ ಭಾಗ.

ಕರಾವಳಿ ಮತ್ತು ಮಲೆನಾಡಿನಲ್ಲಿ ಜಂಬಿಟ್ಟಿಗೆ ಕಲ್ಲಿನ ತುಣುಕುಗಳು ಸುಲಭವಾಗಿ ಸಿಗುತ್ತವೆ. ಅವುಗಳ ಕೆಂಪು ಭಾಗ ಹೆಮಟೈಟ್, ಹಳದಿ ಭಾಗ ಗೋಥೈಟ್ ಎಂಬ, ನೀರಿನ ಅಂಶ ಕೂಡಿದ ಕಬ್ಬಿಣದ ಆಕ್ಸೈಡ್. ಎರಡನ್ನೂ ಬೇರೆ ಬೇರೆಯಾಗಿ ಆರಿಸಿಕೊಳ್ಳಬೇಕು. ಒದ್ದೆ ಮಾಡಿ ಬೆರಳಿನಿಂದ ಕಾಗದದ ಮೇಲೆ ಉಜ್ಜಿದಾಗ ಗಾಢವಾದ ಗುರುತು ಉಳಿದರೆ ಆ ಮಣ್ಣು ಯೋಗ್ಯ. ಕಾರ್ಖಾನೆಯ ತ್ಯಾಜ್ಯ ಸೇರುವ ಜಾಗದ ಅಥವಾ ಹೆದ್ದಾರಿಯ ಬದಿಯ ಮಣ್ಣನ್ನು ತೆಗೆದುಕೊಳ್ಳಬಾರದು.

ಆಯ್ದ ಮಣ್ಣನ್ನು ಕುಟ್ಟುವಾಗ ನೀರು ಚಿಮುಕಿಸಿಕೊಂಡೇ ಕುಟ್ಟಬೇಕು. ಒಣ ಧೂಳಿನಲ್ಲಿರುವ ಸಿಲಿಕಾ ಶ್ವಾಸಕೋಶಕ್ಕೆ ಹಾನಿಕರ. ಕುಟ್ಟಿದ್ದನ್ನು ಬಕೆಟ್ಟಿನಲ್ಲಿ ಧಾರಾಳ ನೀರು ಹಾಕಿ ಒಂದು ರಾತ್ರಿ ನೆನೆಸಿ, ಮರುದಿನ ಚೆನ್ನಾಗಿ ಕದಡಿ, ಸುಮಾರು ಅರ್ಧ ನಿಮಿಷ ಬಿಟ್ಟು, ಮೇಲಿನ ಬಣ್ಣದ ನೀರನ್ನು ಮಾತ್ರ ಮತ್ತೊಂದು ಪಾತ್ರೆಗೆ ಬಗ್ಗಿಸಬೇಕು. ತಳದಲ್ಲಿ ಉಳಿಯುವುದು ಮರಳು. ಕಣದ ಅಗಲ ಅರ್ಧವಾದರೆ ಅದು ನೀರಿನಲ್ಲಿ ಇಳಿಯುವ ವೇಗ ಕಾಲು ಭಾಗಕ್ಕೆ ತಗ್ಗುವುದರಿಂದ, ಎರಡನೆಯ ಸಲ ಎರಡು ನಿಮಿಷ, ಮೂರನೆಯ ಸಲ ಹತ್ತು ನಿಮಿಷ ಕಾದು ಬಗ್ಗಿಸಿದಷ್ಟೂ ಹೆಚ್ಚು ನುಣುಪಾದ ಬಣ್ಣ ದೊರೆಯುತ್ತದೆ. ಇಲ್ಲಿ ಅವಸರ ಮಾಡಿದರೆ ಮುಂದೆ ಎಷ್ಟು ಅರೆದರೂ ಕುಂಚದ ಕೆಳಗೆ ಮರಳು ತಗಲುತ್ತಲೇ ಇರುತ್ತದೆ.

ಕೊನೆಯ ಪಾತ್ರೆಯನ್ನು ಒಂದೆರಡು ದಿನ ಅಲುಗಿಸದೆ ಇಟ್ಟರೆ ಬಣ್ಣ ತಳಕ್ಕೆ ಕೂರುತ್ತದೆ. ಜೇಡಿಯ ಅಂಶ ಹೆಚ್ಚಿದ್ದು ನೀರು ತಿಳಿಯಾಗದಿದ್ದರೆ ಚಿಟಿಕೆ ಪಟಿಕ ಸೇರಿಸಬಹುದು. ತಿಳಿನೀರನ್ನು ಚೆಲ್ಲಿ ಹೊಸ ನೀರು ತುಂಬುವ ಕೆಲಸವನ್ನು ಮೂರು ನಾಲ್ಕು ಸಲ ಮಾಡಲೇಬೇಕು. ಲವಣ ಉಳಿದರೆ ಮುಂದೆ ಗೋಡೆಯ ಮೇಲೆ ಬಿಳಿಯ ಹುಡಿಯಾಗಿ ಹೊರಬರುತ್ತದೆ. ಬಳಿಕ ಕೆಸರನ್ನು ಪಿಂಗಾಣಿ ತಟ್ಟೆಯಲ್ಲಿ ಹರಡಿ ನೆರಳಿನಲ್ಲಿ ಒಣಗಿಸಬೇಕು.

ಹಳದಿ ಮಣ್ಣಿನಿಂದಲೂ ಕೆಂಪು ಪಡೆಯಬಹುದು. ಗೋಥೈಟ್ ಸುಮಾರು 250 ರಿಂದ 300 ಡಿಗ್ರಿ ಸೆಲ್ಸಿಯಸ್ ಶಾಖಕ್ಕೆ ತನ್ನೊಳಗಿನ ನೀರನ್ನು ಕಳೆದುಕೊಂಡು ಹೆಮಟೈಟ್ ಆಗುತ್ತದೆ. ಅಡುಗೆಗೆ ಬಳಸದ ಕಬ್ಬಿಣದ ಬಾಣಲೆಯಲ್ಲಿ ತೆಳುವಾಗಿ ಹರಡಿ, ಬಯಲಿನಲ್ಲಿ, ಮಗುಚುತ್ತ ಹುರಿಯಬೇಕು. ಬಿಸಿಯಾಗಿರುವಾಗ ಪುಡಿ ಇರುವುದಕ್ಕಿಂತ ಕಪ್ಪಾಗಿ ಕಾಣುವುದರಿಂದ, ಆಗಾಗ ಒಂದು ಚಮಚೆಯಷ್ಟನ್ನು ತೆಗೆದು ಆರಿಸಿ ನೋಡಿಯೇ ಒಲೆ ನಿಲ್ಲಿಸಬೇಕು. ಕಿತ್ತಳೆಯಿಂದ ಗಾಢ ಕೆಂಪಿನವರೆಗಿನ ಛಾಯೆಗಳನ್ನು ಒಂದೇ ಮಣ್ಣಿನಿಂದ ಪಡೆಯುವುದು ನಿಜಕ್ಕೂ ಸಂತೋಷ ಕೊಡುವ ಕೆಲಸ.

ಈ ಹುರಿಯುವ, ಅರೆಯುವ ವಿಧಾನವನ್ನು ಬೇರೆ ಖನಿಜಗಳಿಗೆ ಎಂದಿಗೂ ಅನ್ವಯಿಸಬಾರದು. ಇಂಗಳೀಕ ಎಂಬ ಕೆಂಪು ಖನಿಜ ಪಾದರಸದ ಸಲ್ಫೈಡ್ ಆದ್ದರಿಂದ ಕಾಯಿಸಿದರೆ ಪಾದರಸದ ಆವಿ ಬರುತ್ತದೆ. ಹರಿದಾಳ ಎಂಬ ಹಳದಿ ಖನಿಜದಲ್ಲಿ ವಿಷಕಾರಿ ಆರ್ಸೆನಿಕ್ ಇದೆ. ಸೀಸದಿಂದ ಮಾಡುವ ಬಿಳಿ ಬಣ್ಣದ ಧೂಳೂ ವಿಷಕಾರಿ.

ಜಲವರ್ಣಕ್ಕೆ ಒಂದು ಪಾಲು ಗಮ್ ಅರೇಬಿಕ್ ಅಂಟನ್ನು ಎರಡು ಪಾಲು ಬಿಸಿನೀರಿನಲ್ಲಿ ರಾತ್ರಿಯಿಡೀ ಕರಗಿಸಿ, ಬಟ್ಟೆಯಲ್ಲಿ ಸೋಸಿ, ಸ್ವಲ್ಪ ಜೇನುತುಪ್ಪವನ್ನೂ ಬೂಷ್ಟು ಹಿಡಿಯದಂತೆ ಒಂದು ಹನಿ ಲವಂಗದ ಎಣ್ಣೆಯನ್ನೂ ಬೆರೆಸಬೇಕು. ದಪ್ಪ ಗಾಜಿನ ಹಲಗೆಯ ಮೇಲೆ ಪುಡಿಯನ್ನು ಈ ಅಂಟಿನೊಡನೆ, ತಳ ಚಪ್ಪಟೆಯಾದ ಕಲ್ಲಿನಿಂದ ಕರಕರ ಶಬ್ದ ನಿಲ್ಲುವವರೆಗೆ ಅರೆಯಬೇಕು. ಕಾಗದಕ್ಕೆ ಬಳಿದು ಒಣಗಿದ ಮೇಲೆ ಬೆರಳಿಗೆ ಬಣ್ಣ ಅಂಟಿದರೆ ಅಂಟು ಕಡಿಮೆಯಾಗಿದೆ. ಹೊಳೆದು ಬಿರುಕು ಬಿಟ್ಟರೆ ಹೆಚ್ಚಾಗಿದೆ.

ಗೋಡೆಗಾದರೆ ಅಂಟು ಬೇಡ. ನೀರಿನಲ್ಲಿ ನೆನೆಸಿದ ಬಣ್ಣವನ್ನು ನೀರಿನಲ್ಲಿ ಕದಡಿ ಸೋಸಿದ ಸುಣ್ಣಕ್ಕೆ ಬೆರೆಸಿದರೆ ಸಾಕು. ಬಣ್ಣದ ತೂಕ ಸುಣ್ಣದ ತೂಕದ ಹತ್ತರಲ್ಲೊಂದು ಪಾಲನ್ನು ಮೀರದಿರಲಿ. ಮೀರಿದರೆ ಸುಣ್ಣ ಅದನ್ನು ಹಿಡಿದಿಡಲಾರದೆ ಬಣ್ಣ ಉದುರುತ್ತದೆ. ಅಂಗಡಿಯಿಂದ ತಂದ ಬೇರೆ ಬಣ್ಣವನ್ನು ಇದರೊಡನೆ ಸೇರಿಸುವ ಮುನ್ನ ಒಂದು ಚಮಚೆಯಷ್ಟನ್ನು ಒದ್ದೆ ಸುಣ್ಣದಲ್ಲಿ ಕಲಸಿ, ಮುಚ್ಚಿ, ಒಂದು ವಾರ ಇಟ್ಟು ನೋಡಬೇಕು. ಪ್ರಷ್ಯನ್ ನೀಲಿಯಂಥದ್ದು ಅಷ್ಟರಲ್ಲಿ ಕಂದು ಬಣ್ಣಕ್ಕೆ ತಿರುಗುತ್ತದೆ. ಕಬ್ಬಿಣದ ಕೆಂಪು ಮತ್ತು ಹಳದಿ, ಕ್ರೋಮಿಯಂ ಆಕ್ಸೈಡ್ ಹಸಿರು ಇವು ಇದ್ದಂತೆಯೇ ಉಳಿಯುತ್ತವೆ.