ಅನ್ನ ಬಿಟ್ಟಿರಿ ಸರಿ, ಆ ಜಾಗಕ್ಕೆ ಬಂದದ್ದೇನು?

ಅನ್ನ, ಮುದ್ದೆ, ಚಪಾತಿ ತಗ್ಗಿಸಿ ‘ಲೋ ಕಾರ್ಬ್’ (ಕಾರ್ಬೊಹೈಡ್ರೇಟ್ ಕಡಿಮೆ ಇರುವ) ಡಯಟ್ ಮಾಡಿದರೆ ಸಾಮಾನ್ಯವಾಗಿ ರಕ್ತದಲ್ಲಿ ಟ್ರೈಗ್ಲಿಸರೈಡ್ (ಒಂದು ಬಗೆಯ ಕೊಬ್ಬು) ಇಳಿಯುತ್ತದೆ, ಎಚ್‌ಡಿಎಲ್ (‘ಒಳ್ಳೆಯ’ ಕೊಲೆಸ್ಟ್ರಾಲ್) ತುಸು ಏರುತ್ತದೆ. ಎಲ್‌ಡಿಎಲ್ (‘ಕೆಟ್ಟ’ ಕೊಲೆಸ್ಟ್ರಾಲ್) ಮಾತ್ರ ಒಬ್ಬೊಬ್ಬರಲ್ಲಿ ಒಂದೊಂದು ಥರ. ತೆಳ್ಳಗಿದ್ದು ಕಟ್ಟುನಿಟ್ಟಿನ ಕೀಟೊ (ಕಾರ್ಬೊಹೈಡ್ರೇಟ್ ತೀರಾ ಕಡಿಮೆ, ಕೊಬ್ಬು ಹೆಚ್ಚಿರುವ ಡಯಟ್) ಮಾಡುವ ಕೆಲವರಿಗೆ ಅದು ಗಾಬರಿಯಾಗುವಷ್ಟು ಏರುವುದುಂಟು.

1. ಶುರು ಮಾಡುವ ಮೊದಲೇ ಲಿಪಿಡ್ ಪ್ರೊಫೈಲ್ (ರಕ್ತದಲ್ಲಿನ ಕೊಬ್ಬು, ಕೊಲೆಸ್ಟ್ರಾಲ್ ಪರೀಕ್ಷೆ) ಮಾಡಿಸಿ. ಇನ್ಸುಲಿನ್, ಸಕ್ಕರೆ ಕಾಯಿಲೆ ಅಥವಾ ಬಿಪಿ ಮಾತ್ರೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಅನ್ನ ಬಿಡಬೇಡಿ. ಡೋಸ್ ಹಳೆಯದೇ ಉಳಿದರೆ ಸಕ್ಕರೆ ಅಥವಾ ಬಿಪಿ ದಿಢೀರ್ ಕುಸಿಯಬಹುದು.

2. ತಟ್ಟೆ ನೋಡಿ. 100 ಗ್ರಾಂ ಅನ್ನದಲ್ಲಿ ಸುಮಾರು 28 ಗ್ರಾಂ ಕಾರ್ಬೊಹೈಡ್ರೇಟ್. ಅನ್ನದ ಬದಲು ಮುದ್ದೆ ಉಂಡರೆ ‘ಲೋ ಕಾರ್ಬ್’ ಆಗುವುದಿಲ್ಲ: 100 ಗ್ರಾಂ ಒಣ ರಾಗಿ ಹಿಟ್ಟಿನಲ್ಲೇ 65 ಗ್ರಾಂಗೂ ಹೆಚ್ಚಿದೆ. ಖಾಲಿಯಾದ ಜಾಗಕ್ಕೆ ಸೊಪ್ಪಿನ ಪಲ್ಯ, ಹುರುಳಿಕಾಯಿ, ಮೊಳಕೆ ಹೆಸರುಕಾಳು, ಒಂದು ಹಿಡಿ ಶೇಂಗಾ, ತಿನ್ನುವವರಿಗೆ ಬಂಗುಡೆ ಮೀನು ಬರಲಿ. ಹೆಚ್ಚಿನವರು ಎಡವುವುದು ಇಲ್ಲೇ, ಕಾಫಿಗೂ ತುಪ್ಪ ಸುರಿದುಕೊಳ್ಳುತ್ತಾರೆ. ತುಪ್ಪದಲ್ಲಿ ಅರ್ಧಕ್ಕಿಂತ ಹೆಚ್ಚು, ಕೊಬ್ಬರಿ ಎಣ್ಣೆಯಲ್ಲಿ ಶೇ 80ಕ್ಕೂ ಹೆಚ್ಚು ಪರ್ಯಾಪ್ತ (ಸ್ಯಾಚುರೇಟೆಡ್) ಕೊಬ್ಬು. ಶೇಂಗಾ ಎಣ್ಣೆಯಲ್ಲಿ ಶೇ 20ರ ಆಸುಪಾಸು. ರಕ್ತದಿಂದ ಎಲ್‌ಡಿಎಲ್ ಹಿಡಿದೆಳೆಯುವ ಯಕೃತ್ತಿನ ಕೆಲಸವನ್ನು ಈ ಪರ್ಯಾಪ್ತ ಕೊಬ್ಬು ನಿಧಾನಗೊಳಿಸುತ್ತದೆ.

3. ಎರಡು–ಮೂರು ತಿಂಗಳ ನಂತರ, ತೂಕ ಒಂದು ಕಡೆ ನಿಂತಮೇಲೆ ಮತ್ತೆ ಪರೀಕ್ಷಿಸಿ. ತೂಕ ಇಳಿಯುತ್ತಿರುವಾಗ ಕೆಲವರ ಎಲ್‌ಡಿಎಲ್ ತಾತ್ಕಾಲಿಕವಾಗಿ ಏರಿರುತ್ತದೆ.

4. ವರದಿ ಓದುವುದು. ಮೊದಲು ಒಟ್ಟು ಕೊಲೆಸ್ಟ್ರಾಲ್ 210, ಎಚ್‌ಡಿಎಲ್ 36, ಟ್ರೈಗ್ಲಿಸರೈಡ್ 240 ಇತ್ತು ಎನ್ನಿ. ಈಗ 230, 50, 90. ಟ್ರೈಗ್ಲಿಸರೈಡ್ ನೋಡಿ ಮನೆಮಂದಿ ಖುಷಿಪಡುತ್ತಾರೆ. ಒಟ್ಟಿನಿಂದ ಎಚ್‌ಡಿಎಲ್ ಕಳೆಯಿರಿ: ಮೊದಲು 174, ಈಗ 180. ರಕ್ತನಾಳದ ಗೋಡೆಗೆ ಅಂಟುವ ಕೊಲೆಸ್ಟ್ರಾಲ್ ಎಲ್ಲ ಈ ಲೆಕ್ಕದಲ್ಲೇ ಇದೆ. ಅದು ಇಳಿದೇ ಇಲ್ಲ. ಟ್ರೈಗ್ಲಿಸರೈಡನ್ನು 5ರಿಂದ ಭಾಗಿಸಿ ಅದನ್ನೂ ಕಳೆದರೆ ಎಲ್‌ಡಿಎಲ್ ಸಿಗುತ್ತದೆ: 126 ಇದ್ದದ್ದು 162. (ಟ್ರೈಗ್ಲಿಸರೈಡ್ 400 ದಾಟಿದ್ದರೆ ಈ ಸೂತ್ರ ನಡೆಯದು.) ಎಚ್‌ಡಿಎಲ್ ಜಾಸ್ತಿಯಾಯಿತಲ್ಲ, ಸರಿಹೋಯಿತು ಎನ್ನುವ ಸಮಾಧಾನಕ್ಕೆ ಆಧಾರವಿಲ್ಲ.

5. ಎಲ್‌ಡಿಎಲ್ ಏರಿದ್ದರೆ ಮೊದಲು ತುಪ್ಪ, ಬೆಣ್ಣೆ, ಕೊಬ್ಬರಿ ಎಣ್ಣೆ ಕಡಿಮೆ ಮಾಡಿ ಶೇಂಗಾ ಅಥವಾ ಸೂರ್ಯಕಾಂತಿ ಎಣ್ಣೆಗೆ ಬನ್ನಿ. ದಿನಕ್ಕೆ ಸುಮಾರು 10 ಗ್ರಾಂ ಇಸಬ್‌ಗೋಲ್ ದೊಡ್ಡ ಲೋಟ ನೀರಿನಲ್ಲಿ ಕಲಸಿ ಕುಡಿಯಬಹುದು. ನೀರು ಕಡಿಮೆಯಾದರೆ ಗಂಟಲಲ್ಲೇ ಉಬ್ಬಿ ಸಿಕ್ಕಿಕೊಳ್ಳುತ್ತದೆ. ತೆಳ್ಳಗಿರುವವರು ಒಂದಿಷ್ಟು ಅನ್ನ, ಹಣ್ಣು ವಾಪಸ್ ತಂದರೆ ಎಲ್‌ಡಿಎಲ್ ಇಳಿಯುವುದುಂಟು. 190 ದಾಟಿದ್ದರೆ ಮನೆಮದ್ದು ಬೇಡ, ನೇರ ವೈದ್ಯರ ಬಳಿ ಹೋಗಿ. ಡಯಟ್ ಶುರುವಾಯಿತೆಂದು ಸ್ಟ್ಯಾಟಿನ್ (ಕೊಲೆಸ್ಟ್ರಾಲ್ ಇಳಿಸುವ) ಮಾತ್ರೆ ನೀವಾಗಿಯೇ ನಿಲ್ಲಿಸಬೇಡಿ.